ನಾಲ್ಕು ಸೆಲ್ಲಿನ ಕ್ಯಾಮೆರಾ

ಬ್ಯಾಡಗಿಗೆ ಹೋದವರಿಗೆ ಮೊದಲು ಮೂಗಿಗೆ ಬಡಿಯುವುದು ಮೆಣಸಿನಕಾಯಿ. ಬಸ್ಸು ಇನ್ನೂ ನಿಲ್ದಾಣ ಮುಟ್ಟಿರುವುದಿಲ್ಲ, ಆಗಲೇ ಒಬ್ಬರು ಸೀನುತ್ತಾರೆ, ಅವರ ಹಿಂದೆ ಇನ್ನೊಬ್ಬರು. ಊರವರು ಮಾತ್ರ ಸೀನುವುದಿಲ್ಲ. ಸೀನಿದವರನ್ನು ನೋಡಿ ನಗುತ್ತಾರೆ. ಈ ಸಲ ನಾನು ವರ್ಷದ ಖಾರದ ಪುಡಿಗೆಂದು ಕಾಯಿ ತರಲು ಹೋಗಿದ್ದೆ. ಇನ್ನೊಂದು ಕೆಲಸವೂ ಇತ್ತು. ನಮ್ಮ ಶಾಲೆಯ ಹಿಂದಿ ಟೀಚರ್ ಶೋಭಾ ಅವರ ಮನೆ ಬ್ಯಾಡಗಿಯಲ್ಲೇ ಇದೆ. ಅವರಿಗೆ ಇದ್ದಕ್ಕಿದ್ದ ಹಾಗೆ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. "ನಿಮ್ಮ ಮನ್ಯಾಗ ಒಂದು ಹಳೇ ಕ್ಯಾಮೆರಾ ಅದ ಅಂದಿದ್ರೆಲ್ಲ. ಹವ್ಯಾಸಕ್ಕ ಅಷ್ಟ ಸಾಕಾಗ್ತದೇನ್ರಿ, ಇಲ್ಲಾ ದೊಡ್ಡದ ತಗೋಬೇಕೋ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದರು. "ತಂದು ಕೊಡ್ತೀನಿ, ನೀವ ನೋಡ್ರಿ" ಅಂದಿದ್ದೆ. ಎರಡು ವರ್ಷದಿಂದ ಕಪಾಟಿನಲ್ಲಿ ಮಲಗಿದ್ದ ಅದಕ್ಕೆ ಹೊಸ ಸೆಲ್ಲು ಹಾಕಿ, ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡು ಹೊರಟಿದ್ದೆ. ಕೊಟ್ಟುಬಿಡುವುದೆಂದು ಮನಸ್ಸಿನಲ್ಲಿ ತೀರ್ಮಾನವೂ ಆಗಿತ್ತು.

ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕನ್ನಡಕ ಏರಿಸಿಕೊಂಡು ಕಾಯಿ ಮುರಿದು ನೋಡುತ್ತಿದ್ದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ಸುಕ್ಕು ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುತ್ತಾರೆ. ಮನುಷ್ಯರಿಗೆ ಆ ಮಾತು ಹೇಳುವವರಿಲ್ಲ. ಅಷ್ಟರಲ್ಲಿ ಪಕ್ಕದ ಕಿರಾಣಿ ಅಂಗಡಿಗೆ ಹಮಾಲರು ಚೀಲ ಇಳಿಸಿದರು. ಒಂದರ ಹೊಲಿಗೆ ಬಿಚ್ಚಿದ್ದೇ ತಡ, ಒಣ ಕೊಬ್ಬರಿಯ ವಾಸನೆ ಬಂತು. ಅಷ್ಟು ಮೆಣಸಿನಕಾಯಿಯ ನಡುವೆ ಅದು ಹೇಗೆ ದಾರಿ ಮಾಡಿಕೊಂಡು ಬಂತೋ ನನಗೆ ತಿಳಿಯದು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಕರ್ಜಗಿಯಲ್ಲಿ ಕಳೆದ ಆ ಒಂದು ಚಳಿಗಾಲ ನೆನಪಿಗೆ ಬಂತು.

ಆರು ವರ್ಷದ ಹಿಂದಿನ ಮಾತು. ಆ ವರ್ಷ ಆಷಾಢದಲ್ಲಿ ನಮ್ಮವರು ತೀರಿಕೊಂಡರು. ಹೆಸರು ಶಿವಾನಂದ. ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮೊಂದರಲ್ಲಿ ಕೆಲಸ. ನನಗಿಂತ ಒಂಬತ್ತು ವರ್ಷ ದೊಡ್ಡವರು. ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟರು, ಹಾಗೇ ಗೋಡೆಗೆ ಒರಗಿದರು, ಅಷ್ಟೇ. ನಮಗೆ ಮಕ್ಕಳಿಲ್ಲ. ನಾನು ಅಳಲಿಲ್ಲ. ಅಳಬಾರದು ಎಂದಲ್ಲ, ಅಳು ಬರಲಿಲ್ಲ. ಬಂದ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ಕಲ್ಲಾಗ್ಯಾಳ ಪಾಪ" ಎಂದು ಒಬ್ಬರು, "ನೌಕರಿ ಇದ್ದಾಕಿಗೆ ಏನವ್ವಾ" ಎಂದು ಇನ್ನೊಬ್ಬರು. ಎರಡೂ ಕಿವಿಗೆ ಬಿದ್ದವು. ಎರಡೂ ಬೇರೆ ಯಾರ ಬಗ್ಗೆಯೋ ಆಡಿದ ಮಾತು ಅನ್ನಿಸಿತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ನಮ್ಮದು ಹೌದೋ ಅಲ್ಲವೋ ಅನ್ನಿಸುತ್ತದಲ್ಲ, ನನಗೆ ಮೈಯೆಲ್ಲ ಹಾಗೆ ಆಗಿತ್ತು.

ಗೋಡೆಗೆ ಹಾಕಲು ಅವರದೊಂದು ಫೋಟೋ ಹುಡುಕಿದರೆ ಸಿಗಲಿಲ್ಲ. ಊರಿನ ಹಕ್ಕಿ, ಹುಳು, ಹುಲ್ಲು ಒಂದನ್ನೂ ಬಿಡದೆ ತೆಗೆದ ಮನುಷ್ಯ. ಅವರದು ಮಾತ್ರ ಇಲ್ಲ. ಯಾರಾದರೂ ತೆಗೆಯಲು ಹೋದರೆ ಕ್ಯಾಮೆರಾ ಹಿಡಿದೇ ಪಕ್ಕಕ್ಕೆ ಸರಿಯುತ್ತಿದ್ದರು. ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅದರಲ್ಲಿ ಅವರು ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ.

ಅವರ ಕ್ಯಾಮೆರಾದ ಬಗ್ಗೆ ಹೇಳಬೇಕು. ರಾಣೆಬೆನ್ನೂರಿನ ಸ್ಟುಡಿಯೊದವರೊಬ್ಬರು ಹೊಸದು ಕೊಂಡಾಗ ಬೇಡವಾದ ಹಳೆಯದು ಅದು. ನೋಡಲು ದೊಡ್ಡ ಕ್ಯಾಮೆರಾದ ಗತ್ತು. ಕೈಗೆ ಹಿಡಿ, ಮುಂದೆ ಉದ್ದಕ್ಕೆ ಚಾಚುವ ಮೂತಿ, ಮೇಲೆ ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ. ಆದರೆ ಲೆನ್ಸು ಬಿಚ್ಚಲು, ಬದಲಿಸಲು ಬರುವುದಿಲ್ಲ. ಅತ್ತ ದೊಡ್ಡದೂ ಅಲ್ಲ, ಇತ್ತ ಜೇಬಿನದೂ ಅಲ್ಲ. ಬ್ರಿಜ್ ಕ್ಯಾಮೆರಾ ಅನ್ನುತ್ತಾರೆ. ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲು ನಾಲ್ಕು ಬೇಕು. ಬೆಳಕು ಸ್ವಲ್ಪ ಕಡಿಮೆಯಾದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಬರುತ್ತದೆ. ಗುಂಡಿ ಒತ್ತಿದರೆ ತಕ್ಷಣ ತೆಗೆಯುವುದಿಲ್ಲ, ಒಂದು ಗಳಿಗೆ ಯೋಚನೆ ಮಾಡುತ್ತದೆ. "ಇದಕ್ಕ ಮೊದಲ ಹೇಳಬೇಕು, ಆಮ್ಯಾಲೆ ಕೇಳ್ತದ. ಗೌರ್ಮೆಂಟ್ ಆಫೀಸ್ ಇದ್ದಂಗ" ಎಂದು ಅವರೇ ನಗುತ್ತಿದ್ದರು. ದೂರದ್ದನ್ನು ಹತ್ತಿರ ತರುವುದರಲ್ಲಿ ಮಾತ್ರ ಅದು ಗಟ್ಟಿ. ಊರ ಹೊರಗಿನ ಕೃಷ್ಣಮೃಗದ ಕಾಡಿನಲ್ಲಿ, ಕಣ್ಣಿಗೆ ಚುಕ್ಕಿಯಾಗಿ ಕಾಣುವ ಜಿಂಕೆಯ ಕೊಂಬಿನ ತಿರುವು ಎಣಿಸುವಷ್ಟು ಹತ್ತಿರ ತರುತ್ತಿತ್ತು.

ಭಾನುವಾರ ಅವರ ಜೊತೆ ಕಾಡಿಗೆ ಹೋಗುವ ನಾಲ್ಕೈದು ಗೆಳೆಯರ ಕೊರಳಲ್ಲಿ ಮೊಳದುದ್ದದ ಲೆನ್ಸುಗಳಿದ್ದವು. ಪೈಪಿನ ಅಂಗಡಿಯ ಪ್ರಕಾಶ ಪ್ರತಿ ಸಲ ಕೇಳುತ್ತಿದ್ದ, "ಏನೋ ಶಿವಾನಂದ, ಇನ್ನೂ ಇದ ಡಬ್ಬಿ ಏನೋ?" ಇವರು, "ಡಬ್ಬಿ ಆದ್ರೇನೋ, ಬಿಚ್ಚಿದ್ರ ಊಟ ಆಗ್ತದಲ್ಲ" ಅನ್ನುತ್ತಿದ್ದರು. ಮನೆಗೆ ಬಂದು ಅಂಗಿ ಬದಲಿಸುವ ಮೊದಲು ನನ್ನ ಮುಂದೆ ಅದರ ಹಿಂದಿನ ಪರದೆ ಹಿಡಿಯುತ್ತಿದ್ದರು. "ನೋಡಿಲ್ಲೆ. ಸಾಕಲ್ಲ ಇದು?" ನಾನು ಉತ್ತರಪತ್ರಿಕೆಯಿಂದ ತಲೆ ಎತ್ತದೆ "ಹ್ಞೂಂ, ಚಲೋ ಬಂದದ" ಅನ್ನುತ್ತಿದ್ದೆ. ಕೊನೆಯ ಬೇಸಿಗೆಯಲ್ಲಿ ಆ ಪರದೆಯೂ ಕೆಟ್ಟು ಕಪ್ಪಾಯಿತು. ರಿಪೇರಿ ಮಾಡಿಸಿ ಅಂದರೆ, "ಕಿಂಡ್ಯಾಗ ಕಾಣ್ತದಲ್ಲ, ಸಾಕು" ಎಂದರು. ಆಮೇಲೆ ಕ್ಯಾಮೆರಾವನ್ನೇ ನನ್ನ ಮುಖದ ಹತ್ತಿರ ತಂದು ಕಿಂಡಿಯಲ್ಲಿ ನೋಡು ಅನ್ನುತ್ತಿದ್ದರು. "ಆಮ್ಯಾಲೆ ನೋಡ್ತೀನ್ರಿ" ಅನ್ನುತ್ತಿದ್ದೆ. ಸಾಕಲ್ಲ ಎಂಬುದು ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು. ಚಪ್ಪಲಿಯ ಬಾರು ಕಿತ್ತಾಗ ಮನೆಯಲ್ಲಿದ್ದ ನೀಲಿ ನೈಲಾನ್ ದಾರದಿಂದ ಹೊಲಿದು ಕೊಟ್ಟು, ಇನ್ನಾದರೂ ಹೊಸವು ತಗೊಳ್ಳಿ ಎಂದು ರೇಗಿದ್ದೆ. ಅದಕ್ಕೂ ಅದೇ ಉತ್ತರ ಬಂತು.

ನಾನು ಆಗ ಕರ್ಜಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ರಾಣೆಬೆನ್ನೂರಿನಿಂದ ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ಕರ್ಜಗಿಗೆ ಇನ್ನೊಂದು. ನವರಾತ್ರಿ ಕಳೆದ ಮೇಲೆ ಮನೆಗೆ ಬೀಗ ಹಾಕಿ ಕರ್ಜಗಿಯಲ್ಲೇ ಒಂದು ಖೋಲಿ ಹಿಡಿದೆ. ಓಡಾಟ ತಪ್ಪಲಿ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ಅವರು ಒರಗಿದ್ದ ಗೋಡೆಯ ಎದುರು ಕುಳಿತು ಚಹಾ ಕುಡಿಯುವುದು ಆಗುತ್ತಿರಲಿಲ್ಲ. ಚೀಲ ಕಟ್ಟುವಾಗ ನೆಗೆಣ್ಣಿ ಕ್ಯಾಮೆರಾವನ್ನೂ ಅದರಲ್ಲಿ ತುರುಕಿದ್ದಳು. "ಬೀಗ ಹಾಕಿದ ಮನ್ಯಾಗ ಬಿಟ್ರ ಕೆಟ್ಟ ಹೋಗ್ತದ" ಎಂದಿದ್ದಳು. ಬೇಡ ಅನ್ನುವಷ್ಟು ಉಮೇದು ನನ್ನಲ್ಲಿರಲಿಲ್ಲ.

ಖೋಲಿ ಇದ್ದದ್ದು ನೀಲವ್ವನ ಮನೆಯ ಮಾಳಿಗೆಯ ಮೇಲೆ. ನೀಲವ್ವ ಅರವತ್ತು ದಾಟಿದ ಹೆಂಗಸು, ಗಂಡ ಹೋಗಿ ಬಹಳ ವರ್ಷ ಆಗಿತ್ತು. ಮಗ ಬಸು, ಸೊಸೆ ಜೊತೆಗಿದ್ದರು. ಮೊದಲ ದಿನವೇ ಆಕೆ ಹೇಳಿದಳು, "ಟೀಚರ, ಈ ಖೋಲಿ ಬ್ಯಾಸಗ್ಯಾಗ ಸುಡತೈತಿ, ಚಳಿಗಾಲದಾಗ ಕೊರೀತೈತಿ. ನಡೀತೈತೇನವ್ವಾ ನಿನಗ?" ನಡೀತದ ಅಂದೆ. ಆಗ ನನಗೆ ಸುಡುವುದೂ ಕೊರೆಯುವುದೂ ಒಂದೇ ಆಗಿತ್ತು.

ಮಾಳಿಗೆಯ ಅಂಚಿಗೆ ಬಂದರೆ ಕೆಳಗೆ ಹಿತ್ತಲು, ಹಿತ್ತಲಲ್ಲಿ ಒಂದು ಹೋರಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಅಡ್ಡಕ್ಕೆ ಒಂದು ಬೆರಳು ವಿಭೂತಿ ಎಳೆದ ಹಾಗೆ ಬಿಳಿ ಗೆರೆ. ಊರಿಗೆಲ್ಲ ಅದು 'ಕರ್ಜಗಿ ಕಾರ್ಮೋಡ'. ನಮ್ಮ ಕಡೆ ದೀಪಾವಳಿಯಿಂದ ಚಳಿಗಾಲ ಮುಗಿಯುವವರೆಗೆ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಮುಖಕ್ಕೆ ಹಣೆಪಟ್ಟಿ, ಬೆನ್ನಿಗೆ ಝಗಝಗಿಸುವ ಜೂಲ ಹೊದಿಸಿ ಜನರ ನಡುವೆ ಓಡಲು ಬಿಡುತ್ತಾರೆ. ಯುವಕರು ಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು; ಕೀಳಲು ಬಿಡದೆ ದಾಟಿದ್ದೇ ದೊಡ್ಡ ಹೋರಿ. ಬಸುಗೆ ಟ್ರ್ಯಾಕ್ಟರ್ ಕೆಲಸ ಹೊಟ್ಟೆಗೆ, ಕಾರ್ಮೋಡ ಜೀವಕ್ಕೆ. ಹುರುಳಿ, ಹತ್ತಿಕಾಳು, ತತ್ತಿ ಎಲ್ಲ ಅದಕ್ಕೇ. ನೀಲವ್ವ ಮಾತ್ರ ಅದನ್ನು ಆ ದೊಡ್ಡ ಹೆಸರಿನಿಂದ ಒಮ್ಮೆಯೂ ಕರೆದದ್ದು ನಾನು ಕೇಳಲಿಲ್ಲ. ಅದು ಕರುವಾಗಿದ್ದಾಗ ತಾಯಿ ಸತ್ತು, ಈಕೆಯೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. "ತಮ್ಮಾ" ಎಂದರೆ ಸಾಕು, ಕತ್ತು ತಿರುಗಿಸುತ್ತಿತ್ತು.

ದೀಪಾವಳಿಯ ಪಾಡ್ಯದ ದಿನ ಹೋರಿಯನ್ನು ಸಿಂಗರಿಸಿ ಹೊರಗೆ ತಂದರು. ಹೆಂಗಸರೆಲ್ಲ ಮಾಳಿಗೆ ಏರುತ್ತಿದ್ದರು. ನಾನು ಖೋಲಿಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಗಂಡ ಸತ್ತು ವರ್ಷ ತುಂಬದವಳು ಹೊರಡುವ ಹೋರಿಗೆ ಎದುರಾಗಬಾರದು. ಯಾರೂ ಹೇಳಲಿಲ್ಲ, ಹೇಳುವ ಮೊದಲು ನಾನೇ ಹೋದೆ. ಅದರಿಂದ ನೋವೂ ಆಗಲಿಲ್ಲ. ಹೊರಗೆ ಹಲಗೆ ಬಡಿತ, ಮೈಕು, ಕೇಕೆ. ಮಾಡಲು ಏನೂ ಇಲ್ಲದೆ ಚೀಲ ಕೆದಕಿದೆ, ಕ್ಯಾಮೆರಾ ಸಿಕ್ಕಿತು. ಕಿಟಕಿಯಿಂದ ಓಣಿಯ ಕೊನೆ ಕಾಣುತ್ತಿತ್ತು. ಕಿಂಡಿಗೆ ಕಣ್ಣಿಟ್ಟು ಮೂತಿ ಚಾಚಿದೆ. ದೂರದ ಗದ್ದಲವೆಲ್ಲ ನನ್ನ ಮೂಗಿನ ತುದಿಗೆ ಬಂತು, ಆದರೆ ಪೂರ್ತಿ ಮಸುಕು. ಕಣ್ಣು ಒರೆಸಿಕೊಂಡೆ, ಗಾಜು ಒರೆಸಿದೆ, ಮಸುಕು ಹಾಗೇ ಇತ್ತು. ಇದೂ ಹೋಯಿತು ಅಂದುಕೊಂಡೆ. ಆದರೂ ಕೆಳಗಿಡಲಿಲ್ಲ. ಯಾರ ಮುಖವೂ ಸರಿಯಾಗಿ ಕಾಣದಿದ್ದದ್ದು ಒಂದು ರೀತಿಯಲ್ಲಿ ಹಿತವಾಗಿತ್ತು.

ಆ ದಿನ ಕಾರ್ಮೋಡ ಒಂದು ಹೋಳೂ ಬಿಟ್ಟುಕೊಡದೆ ದಾಟಿತು. ಸಂಜೆ ಬಸು ಆ ಸರ ಬಿಚ್ಚಿ ಕೊಬ್ಬರಿ ಹಂಚುತ್ತ ಮಾಳಿಗೆಗೂ ಬಂದ. "ತಗೋರಿ ಟೀಚರ್, ಗೆದ್ದ ಹೋರಿ ಕೊಬ್ರಿ, ಇದರ ರುಚಿನ ಬ್ಯಾರೆ." ಬಾಯಿಗೆ ಹಾಕಿಕೊಂಡೆ. ಗಟ್ಟಿಯಾಗಿದೆ ಎಂಬುದೊಂದೇ ಗೊತ್ತಾಯಿತು. ಚಲೋ ಅದ ಅಂದೆ. ಆತ ನನ್ನ ಮಂಚದ ಮೇಲಿನ ಕ್ಯಾಮೆರಾ ನೋಡಿ ಹೇಳಿದ, "ಟೀಚರ್, ತಪ್ಪ ತಿಳೀಬ್ಯಾಡ್ರಿ. ಜೂಲಾ, ಬಲೂನು ಹಾಕಿದಾಗ ಹೋರಿದು ಎಷ್ಟರ ಫೋಟೋ ತಗೀರಿ. ಬರೇ ಮೈಯಾಗ ಇದ್ದಾಗ ತಗೀಬ್ಯಾಡ್ರಿ. ದೃಷ್ಟಿ ಹತ್ತತೈತಿ." ನಮ್ಮ ಸೀಮೆಯ ಹೋರಿ ಕಟ್ಟುವವರಲ್ಲಿ ಹಲವರು ಹೀಗೆ ನಂಬುತ್ತಾರೆ. ಆಗಲಿ ಅಂದೆ.

ಆಗಲಿ ಅಂದವಳು ಮಾರನೆಯ ವಾರದಿಂದಲೇ ತೆಗೆಯಲು ಶುರುಮಾಡಿದೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡಲು ಇನ್ನೂ ಒಂದು ತಾಸು ಇರುತ್ತಿತ್ತು. ಆ ಒಂದು ತಾಸು ನನಗೆ ದಾಟದ ಹೊಳೆಯಾಗಿತ್ತು. ಕಿಂಡಿಗೆ ಕಣ್ಣಿಟ್ಟರೆ ಅದು ದಾಟುತ್ತಿತ್ತು. ಕೆಳಗೆ ನೀಲವ್ವ ಸಗಣಿ ಬಳಿಯುವುದು, ಹೋರಿಯ ಮೈ ತಿಕ್ಕುವುದು, ಅದರ ಕಿವಿಯಲ್ಲಿ ಏನೋ ದೂರು ಹೇಳುವುದು, ಎಲ್ಲ ಮಸುಕಾಗಿ ನನ್ನ ಹತ್ತಿರ ಬರುತ್ತಿತ್ತು. ತಪ್ಪೆಂದು ಗೊತ್ತಿತ್ತು, ಮುರುಕು ಕ್ಯಾಮೆರಾದಲ್ಲಿ ಏನೂ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಮಾಡುವವಳು ಬೇರೆ. ಆದರೂ ಬಸುವಿನ ಹೆಜ್ಜೆ ಸಪ್ಪಳ ಕೇಳಿದರೆ ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋರಿ ಬಾನಿಯಲ್ಲಿ ಮೂತಿ ಇಟ್ಟು ನೀರು ಕುಡಿಯುತ್ತಿತ್ತು. ನೀಲವ್ವನ ಕೈ ಅದರ ಕತ್ತಿನ ಮೇಲಿತ್ತು. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಎಂದಿನಂತೆ ಯೋಚನೆಗೆ ಬಿತ್ತು. ಆ ಗಳಿಗೆಯಲ್ಲಿ ಹೋರಿ ಬಾನಿಯಿಂದ ತಲೆ ಎತ್ತಿ, ಮೂತಿಯಿಂದ ನೀರು ಸುರಿಯುತ್ತ, ನೇರ ಮೇಲಕ್ಕೆ ನನ್ನನ್ನೇ ನೋಡಿತು. ಆಗ ಕ್ಲಿಕ್ ಎಂದಿತು. ನಾನು ಹಿಂದೆ ಸರಿದೆ. ಆಮೇಲೆ ಅದರ ಫೋಟೋ ತೆಗೆಯುವುದನ್ನು ಬಿಟ್ಟೆ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇದ್ದಾಗ ಹೋರಿ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿ ನಗಾರಿಯಾಯಿತು. ದನದ ಡಾಕ್ಟರು ಬಂದರು, ಎಣ್ಣೆ ಕುಡಿಸಿದರು, ಸೂಜಿ ಹಾಕಿದರು. ಎರಡನೆಯ ದಿನ ಮಧ್ಯಾಹ್ನ ಅದು ಮಲಗಿದ್ದು ಏಳಲಿಲ್ಲ. ನಾನು ಶಾಲೆಯಿಂದ ಬಂದಾಗ ಹಿತ್ತಲ ತುಂಬ ಜನ. ನೀಲವ್ವ ಅದರ ಕತ್ತಿನ ಮೇಲೆ ಬಿದ್ದು, "ನನ್ನ ಬಿಟ್ಟು ಹೆಂಗ ಹೋದ್ಯೋ ತಮ್ಮಾ" ಎಂದು ಅಳುತ್ತಿದ್ದಳು. ಅಷ್ಟು ದೊಡ್ಡ ಅಳುವನ್ನು ನಾನು ಮಾಳಿಗೆಯ ಅಂಚಿನಲ್ಲಿ ನಿಂತು ನೋಡಿದೆ. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು. ಒಂದು ದನಕ್ಕೆ ಇಷ್ಟು ಅಳಲು ಬಂತಲ್ಲ ಈಕೆಗೆ ಎಂದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಮೆರವಣಿಗೆ ಮಾಡಿ ಹೊಲದಲ್ಲಿ ಮಣ್ಣು ಮಾಡಿದರು. ಓಣಿಯ ಬಾಯಿಗೆ ಆಳೆತ್ತರದ ಫ್ಲೆಕ್ಸು ಬಂತು. ಮೇಲೆ ಬಸು ಕರಿ ಕನ್ನಡಕ ಹಾಕಿಕೊಂಡು ನಿಂತಿದ್ದ. ಕೆಳಗೆ ಅಭಿಮಾನಿ ಬಳಗದ ಹನ್ನೊಂದು ಮುಖ. ನಡುವೆ ಬಲೂನು, ಜೂಲ, ಕೊಬ್ಬರಿ ಸರ, ಹಣೆಪಟ್ಟಿ, ಮತ್ತು ನಾಲ್ಕು ಕಾಲು. ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ತಮ್ಮನ ಮಾರಿ ಎಲ್ಲೈತೋ ಇದರಾಗ?"

ಬಸು ಮೊಬೈಲು ತೆಗೆದು ಹುಡುಕಿದ. ಗೆಳೆಯರ ಮೊಬೈಲುಗಳೂ ಬಂದವು. ನೂರಾರು ಫೋಟೋ, ಎಲ್ಲದರಲ್ಲೂ ಸಿಂಗಾರ. ಬರಿ ಮುಖದ್ದು ಒಂದೂ ಇಲ್ಲ. ಕೊನೆಗೆ ಆತ ಕಟ್ಟೆಯ ಮೇಲೆ ಕುಸಿದು ಕುಳಿತ. "ನಾನ ಎಲ್ಲಾರ್ಗೂ ತಗೀಬ್ಯಾಡ್ರಿ ಅಂತ ಬಾಯಿ ಬಡಕೊಂಡೆನಬೇ" ಎಂದು ಮುಖ ಮುಚ್ಚಿಕೊಂಡ. ನೀಲವ್ವ ಅಂದಿನಿಂದ ಊಟ ಬಿಟ್ಟಳು. "ಕಣ್ಣು ಮುಚ್ಚಿದ್ರ ಬಲೂನು ಕಾಣತಾವ, ಮಾರಿ ಮರೀತೈತಿ" ಎಂದು ಒಂದೇ ಮಾತು. ಸೊಸೆ ತಟ್ಟೆ ಹಿಡಿದು ಕುಳಿತರೂ ಬಾಯಿ ತೆರೆಯುತ್ತಿರಲಿಲ್ಲ.

ಊರಲ್ಲಿ ಆಗಲೇ ಮಾತು ಎದ್ದಿತ್ತು. ಯಾರದೋ ಕಣ್ಣು ಬಿದ್ದಿದೆ, ಇಲ್ಲದಿದ್ದರೆ ಅಂಥ ಗಟ್ಟಿ ಹೋರಿ ಎರಡು ದಿನದಲ್ಲಿ ಹೋಗುವುದುಂಟೆ ಎಂದು. ನಳದ ಹತ್ತಿರ, ಬಸ್ಸಿನಲ್ಲಿ, ಎಲ್ಲ ಕಡೆ ಅದೇ. ನಾನು ಎರಡು ದಿನ ಬಾಯಿ ಬಿಡಲಿಲ್ಲ. ಆ ಚಿತ್ರಗಳು ನನ್ನ ಹತ್ತಿರ ಇವೆ ಅಂದರೆ, ಬರಿ ಮೈಯ ಹೋರಿಯ ಮೇಲೆ ತಿಂಗಳುಗಟ್ಟಲೆ ಕಣ್ಣಿಟ್ಟವಳು ನಾನೇ ಎಂದು ಒಪ್ಪಿಕೊಂಡ ಹಾಗೆ. ಅದೂ ವರ್ಷ ತುಂಬದ ವಿಧವೆ. ಒಪ್ಪಿಕೊಂಡರೂ ಅವು ಮಸುಕು. ಮುದುಕಿಗೆ ಆಸೆ ತೋರಿಸಿ ಕೈ ಖಾಲಿ ಮಾಡಿದ ಹಾಗೆ ಆಗುತ್ತದೆ. ಹತ್ತನೆಯ ತರಗತಿಗೆ ಮಸೂರದ ಪಾಠ ಮಾಡುತ್ತ ಬೋರ್ಡಿನ ಮೇಲೆ ಒಂದೇ ಕಿರಣವನ್ನು ಮೂರು ಸಲ ಒರೆಸಿ ಎಳೆದೆ. ಭಯವಾಗಿತ್ತು. ಆ ಹೊಟ್ಟೆಕಿಚ್ಚೊಂದು ಬಿಟ್ಟರೆ, ಎಂಟು ತಿಂಗಳಲ್ಲಿ ನನಗೆ ಏನಾದರೂ ಆದದ್ದು ಅದೇ ಮೊದಲು.

ಮೂರನೆಯ ದಿನ ಶಾಲೆ ಬಿಟ್ಟು ಬಂದವಳು ಮೆಟ್ಟಿಲು ಹತ್ತದೆ ಹಿತ್ತಲಿಗೆ ಹೋದೆ. ನೀಲವ್ವ ಖಾಲಿ ಗೂಟದ ಎದುರು ಕುಳಿತಿದ್ದಳು. ಎಲ್ಲ ಹೇಳಿದೆ. ಬಸು ಬೇಡ ಅಂದದ್ದು, ನಾನು ತೆಗೆದದ್ದು, ಸೆರಗಿನಲ್ಲಿ ಮುಚ್ಚಿಟ್ಟದ್ದು. ಆಕೆ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ದೃಷ್ಟಿ ಹತ್ತೂದು ಆಸೆ ಇದ್ದವರ ಕಣ್ಣಿಂದವ್ವಾ. ನೀ ಬಂದಾಗಿಂದ ನೋಡಾಕತ್ತೇನಿ. ನಿನ್ನ ಕಣ್ಣಾಗ ಏನರ ಇತ್ತೇನು ಹತ್ತಾಕ?"

ಆಕೆ ಮೊಣಕಾಲ ಮೇಲೆ ಕೈ ಊರಿ 'ಶಿವನೇ' ಎಂದು ಎದ್ದಳು. "ನಾಳೆ ಮೊದಲನೇ ಬಸ್ಸಿಗೆ ಹಾವೇರಿಗೆ ಹೋಗೂಣು. ಬಸುಗ ನಾ ಹೇಳ್ತೇನಿ. ಅವನೌನ, ಏನ್ ಅಂತಾನ ನೋಡ್ತೇನಿ."

ಹಾವೇರಿಯ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊ. ಒಳಗಿದ್ದವನು ಮೂವತ್ತರ ಆಸುಪಾಸಿನ ಗಂಭೀರ ಮನುಷ್ಯ. ಕ್ಯಾಮೆರಾ ನೋಡಿ ಹುಬ್ಬು ಏರಿಸಿದ, ನಗಲಿಲ್ಲ. ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದ. ಮಸುಕಾಗಿದ್ದರೆ ಕ್ಷಮಿಸು ಎಂದು ನಾನು ನೀಲವ್ವನಿಗೆ ಮೊದಲೇ ಹೇಳುತ್ತಿದ್ದೆ. ಪರದೆಯ ತುಂಬ ಹೋರಿ ಬಂತು.

ಒಂದೊಂದು ರೆಪ್ಪೆಗೂದಲು ಎಣಿಸಬಹುದಿತ್ತು. ಹಣೆಯ ಬಿಳಿ ಗೆರೆ, ಒದ್ದೆ ಮೂತಿ, ಮೂತಿಯ ಕೆಳಗೆ ಬೀಳುತ್ತಿರುವ ನೀರಿನ ಹನಿ, ಕತ್ತಿನ ಮೇಲೆ ನೀಲವ್ವನ ಕೈ, ಆ ಕೈಯ ಸವೆದ ಬೆಳ್ಳಿ ಕಡಗ. ಕಣ್ಣು ನೇರ ನಮ್ಮ ಕಡೆ.

"ತಮ್ಮಾ" ಎಂದಳು ನೀಲವ್ವ. ಅಳಲಿಲ್ಲ. ಕತ್ತು ತಿರುಗಿಸುತ್ತದೆಯೋ ಎಂದು ಕಾಯುವವಳ ಹಾಗೆ ನಿಂತಿದ್ದಳು.

ನಾನು ದಂಗಾಗಿ, "ನನಗ ಕಿಂಡ್ಯಾಗ ಎಲ್ಲಾ ಮಸುಕ ಕಾಣ್ತಿತ್ತಲ್ರಿ" ಅಂದೆ. ಆತ ಕ್ಯಾಮೆರಾ ತೆಗೆದುಕೊಂಡು ಕಿಂಡಿಗೆ ಕಣ್ಣಿಟ್ಟ, ತಿರುಗಿಸಿ ನೋಡಿದ. ಕಿಂಡಿಯ ಮಗ್ಗುಲಲ್ಲಿ ಕಡಲೆಕಾಳಿನಷ್ಟು ಒಂದು ಗಾಲಿ ಇತ್ತು. ನಾನು ಅದನ್ನು ಕಂಡೇ ಇರಲಿಲ್ಲ.

"ಕ್ಯಾಮೆರಾ ಚಲೋ ಐತ್ರಿ ಮೇಡಂ. ಕಿಂಡಿ ನಿಮ್ಮ ಕಣ್ಣಿಗೆ ಸೆಟ್ ಇಲ್ಲ, ಅಷ್ಟ. ನಲವತ್ತು ದಾಟಿ ಚಾಳೀಸ ಬಂದವರು ಯಾರೋ ತಮ್ಮ ಕಣ್ಣಿನ ನಂಬರಿಗೆ ತಿರುವಿ ಇಟ್ಟಾರ. ಒಂದ ನಿಮಿಷ, ನಿಮ್ಮದಕ್ಕ ತಿರುವಿ ಕೊಡ್ತೇನಿ." ಆತನ ಉಗುರು ಆ ಗಾಲಿಯ ಮೇಲೆ ಹೋಯಿತು.

"ಮುಟ್ಟಬ್ಯಾಡ್ರಿ!"

ಅಂಗಡಿಯ ಹೊರಗೆ ನಿಂತವರೂ ತಿರುಗಿ ನೋಡಿದರು. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಆತ ಗಾಬರಿಯಾಗಿ ಕ್ಯಾಮೆರಾ ಮೇಜಿನ ಮೇಲಿಟ್ಟ. ಏನು ಮಾಡಬೇಕು ತಿಳಿಯದೆ ಕಂಪ್ಯೂಟರಿನತ್ತ ತಿರುಗಿ, "ಇದರಾಗ ಇನ್ನೂ ಹಳೇ ಫೋಟೋ ಅದಾವ, ನೋಡ್ರಿ" ಎಂದು ಹಿಂದಕ್ಕೆ ಸರಿಸಿದ. ಹೋರಿಯ ಚಿತ್ರಗಳು ಮುಗಿದವು. ಅದರ ಹಿಂದಿನದು, ಎಂದರೆ ನಮ್ಮವರು ತೆಗೆದ ಕೊನೆಯದು, ಪರದೆಯ ಮೇಲೆ ನಿಂತಿತು.

ಅದು ಫೋಟೋ ಅಲ್ಲ. ಕ್ಯಾಮೆರಾ ಕೊರಳಿಗೆ ಜೋತು ಬಿದ್ದಾಗ ಎಲ್ಲೋ ಗುಂಡಿ ಒತ್ತಿಹೋಗಿದೆ. ಕೆಂಪು ಮಣ್ಣು, ಒಣ ಹುಲ್ಲು, ಒಂದು ಬಲಗಾಲು. ಚಪ್ಪಲಿಯ ಬಾರಿನ ಮೇಲೆ ನೀಲಿ ದಾರದ ಹೊಲಿಗೆ. ಹೆಬ್ಬೆರಳಿನ ಉಗುರಿಗೆ ಧೂಳು. ಸುಮ್ಮನೆ ನಿಂತಿದ್ದಾರೆ. ಎದುರಿಗೆ ಹಕ್ಕಿಯೋ ಜಿಂಕೆಯೋ ಇರಬೇಕು, ಅದು ಹತ್ತಿರ ಬರಲಿ ಎಂದು ಕಾಯುತ್ತಿದ್ದಾರೆ.

"ಯಾರ ಕಾಲವ್ವಾ ಇದು?" ಎಂದಳು ನೀಲವ್ವ.

"ನಮ್ಮವರದು" ಅಂದೆ. ಅಷ್ಟೇ ಹೇಳಲು ಆದದ್ದು. ಅಳು ಬಂತು. ಸ್ಟೂಲಿನ ಮೇಲೆ ಕುಳಿತು, ಊರಲ್ಲದ ಊರಿನಲ್ಲಿ, ಗುರುತಿಲ್ಲದ ಮನುಷ್ಯನ ಎದುರು, ಬೆಳಗಿನ ಬಿಸಿಲಲ್ಲಿ ಬಾಯಿ ಬಿಟ್ಟು ಅತ್ತೆ. ನೀಲವ್ವ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಆಕೆಯ ಸೀರೆಗೆ ಹತ್ತಿಕಾಳಿನ ವಾಸನೆ ಇತ್ತು. ಆಮೇಲೆ ಇಬ್ಬರೂ ಖಾನಾವಳಿಗೆ ಹೋಗಿ ರೊಟ್ಟಿ ತಿಂದೆವು. ನನಗೆ ಪಲ್ಯ ಖಾರ ಅನ್ನಿಸಿತು. ನೀಲವ್ವ ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿದಳು.

ಹೋರಿಯ ಫೋಟೋ ನೀಲವ್ವನ ಪಡಸಾಲೆಗೆ ಹೋಯಿತು. ಬಸು ನನ್ನ ಜೊತೆ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಬಂದು, ಫ್ಲೆಕ್ಸ್ ಬದಲಿಸಬೇಕು, ಆ ಫೋಟೋ ತನ್ನ ಮೊಬೈಲಿಗೂ ಬೇಕು ಎಂದ. ಕಾಲಿನ ಫೋಟೋವನ್ನು ನಾನು ಸಣ್ಣದಾಗಿ ಮಾಡಿಸಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಮುಂದೆ ರಾಣೆಬೆನ್ನೂರಿಗೆ ವರ್ಗವಾಗಿ ಬಂದ ಮೇಲೂ ಕೆಲವು ಕಾಲ ಆ ಮಸುಕಿನಲ್ಲೇ ನಂಬಿಕೆಯ ಮೇಲೆ ಫೋಟೋ ತೆಗೆಯುತ್ತಿದ್ದೆ. ನಮ್ಮವರು ತಿರುವಿಟ್ಟಿದ್ದ ಗಾಲಿ ಮುಟ್ಟಲಿಲ್ಲ. ಬರಬರುತ್ತ ಕೆಲಸ ಹೆಚ್ಚಾಗಿ ಕ್ಯಾಮೆರಾ ಕಪಾಟು ಸೇರಿತು.

"ಅಕ್ಕಾರ, ಕಾಯಿ ತುಂಬ್ಲ್ಯೋ ಬ್ಯಾಡೋ?" ಎಂದು ಬ್ಯಾಡಗಿಯ ಅಂಗಡಿಯವನು ಮೂರನೆಯ ಸಲ ಕೇಳಿದ. ತುಂಬು ಅಂದೆ. ಎದುರಿಗೆ ಬಯಲಲ್ಲಿ ಕೆಂಪು ರಾಶಿಗಳು ಸಾಲಾಗಿ ಬಿದ್ದಿದ್ದವು. ಆ ಕೊನೆಯ ರಾಶಿಯ ಹತ್ತಿರ ಒಬ್ಬ ಹೆಂಗಸು ಕುಳಿತು ಕಾಯಿ ಆರಿಸುತ್ತಿದ್ದಳು, ಇಲ್ಲಿಂದ ಬೆರಳಿನಷ್ಟು ಕಾಣುತ್ತಿದ್ದಳು. ಕೊಡುವ ಮೊದಲು ಕೊನೆಯ ಸಲ ಎಂದು ಟವೆಲು ಬಿಚ್ಚಿದೆ. ಕನ್ನಡಕ ಹಣೆಗೆ ಏರಿಸಿ, ಕಿಂಡಿಗೆ ಕಣ್ಣಿಟ್ಟು, ಮೂತಿ ಚಾಚಿದೆ.

ಮಸುಕು ಇರಲಿಲ್ಲ.

ಗಾಲಿ ತಿರುಗಿದೆಯೇನೋ ಎಂದು ಇಳಿಸಿ ನೋಡಿದೆ, ಇಟ್ಟಲ್ಲೇ ಇತ್ತು. ಮತ್ತೆ ಕಣ್ಣಿಟ್ಟೆ. ಆ ಹೆಂಗಸಿನ ಹಣೆಯ ಬೆವರು, ಬೆರಳ ತುದಿಯ ಕೆಂಪು, ಒಂದೊಂದು ಕಾಯಿಯ ಸುಕ್ಕು ಸ್ಪಷ್ಟವಾಗಿ ಕಂಡವು. ಆಗ ತಿಳಿಯಿತು. ಹೋದ ವರ್ಷ ನನಗೂ ಚಾಳೀಸ ಬಂದಿತ್ತು. ನನ್ನ ಕಣ್ಣು ನಮ್ಮವರ ನಂಬರಿಗೆ ಬಂದು ಮುಟ್ಟಿತ್ತು.

ಶೋಭಾ ಅವರಿಗೆ ಫೋನ್ ಮಾಡಿದೆ. "ಟೀಚರ್, ಕೇಳಿದ್ರೆಲ್ಲ, ಸಾಕಾಗ್ತದ. ಇಂಥಾದು ಹಳೇದೊಂದು ಎಲ್ಲೆರ ಸಿಕ್ರ ಕಣ್ಣು ಮುಚ್ಚಿ ತಗೋರಿ. ನಾನೂ ಹುಡುಕಿ ಕೊಡ್ತೀನಿ. ಇದನ್ನ ಮಾತ್ರ ಕೊಡಾಕ ಆಗೂದಿಲ್ಲ."

ಫೋನ್ ಇಟ್ಟು ಮತ್ತೆ ಕಿಂಡಿಗೆ ಕಣ್ಣಿಟ್ಟೆ. ಆ ಹೆಂಗಸು ಇನ್ನೂ ತಲೆ ತಗ್ಗಿಸಿಯೇ ಇದ್ದಳು. ಎತ್ತುತ್ತಾಳೆ ಎಂದು ಮೊದಲೇ ಗುಂಡಿ ಒತ್ತಿದೆ. ಕ್ಯಾಮೆರಾ ಯೋಚನೆ ಮಾಡುತ್ತಿದ್ದ ಆ ಒಂದು ಗಳಿಗೆಯಲ್ಲಿ, ಯಾರೂ ಕೇಳದಿದ್ದರೂ, "ಸಾಕ್ರಿ, ಇದ ಸಾಕು" ಅಂದೆ.